ನಡೆಯದುದನ್ನು ನುಡಿಯುವ ಕ್ರಿಯಾಪದ

ಭದ್ರಾ ನದಿಯ ದಡದಲ್ಲಿರುವ ಭದ್ರಾವತಿ ನಗರದಲ್ಲಿ ‘ಓಲ್ಡ್ ಟೌನ್’ ಎಂಬ ಭಾಗವೊಂದುಂಟು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವುದು ಅಲ್ಲಿಯೇ. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಈ ಊರು ಶತಮಾನಗಳ ಕಾಲ ಬರಿಯ ಊರಾಗಿತ್ತೇ ಹೊರತು ‘ಹಳೆಯ ಊರು’ ಆಗಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಯೋಜನೆಗೊಂಡ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇಲ್ಲಿ ಕೆಲಸವನ್ನು ಆರಂಭಿಸಿತು. ಕಾರ್ಖಾನೆಯೊಡನೆ ಕಾರ್ಮಿಕರು ಬಂದರು. ಅವರಿಗಾಗಿ ಹೊಸ ಬಡಾವಣೆಗಳು ಎದ್ದವು. ಅವುಗಳಿಗೆ ‘ನ್ಯೂ ಟೌನ್’ ಎಂಬ ಹೆಸರು ಬಂದಿತು. ಹೊಸತು ಹುಟ್ಟಿದ ಮೇಲೆ ಮೊದಲೇ ಇದ್ದುದು ಹಳೆಯದಾಯಿತು. ಈ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಹೀಗೆ ಹೇಳಬಹುದು: “ಹೊಸ ಊರು ಹುಟ್ಟದೆ ಇದ್ದಿದ್ದರೆ ಹಳೆಯ ಊರಿಗೆ ಹಳೆಯದೆಂಬ ಹೆಸರು ಬರುತ್ತಿರಲಿಲ್ಲ.”

ಈ ವಾಕ್ಯವನ್ನು ಕೇಳಿದ ಯಾವ ಕನ್ನಡಿಗನೂ ಅದರ ಅರ್ಥಕ್ಕಾಗಿ ತಡವರಿಸುವುದಿಲ್ಲ. ಆದರೆ ಅದರಲ್ಲಿರುವ ಒಂದು ವಿಚಿತ್ರವನ್ನು ಗಮನಿಸುವವರು ವಿರಳ. ವಾಕ್ಯದಲ್ಲಿ ಎರಡು ಕ್ರಿಯೆಗಳಿವೆ. ಅವೆರಡೂ ನಡೆದವುಗಳಲ್ಲ! ಹೊಸ ಊರು ಹುಟ್ಟದೆ ಇರಲಿಲ್ಲ. ಹಳೆಯ ಊರಿಗೆ ಆ ಹೆಸರು ಬಾರದೆ ಇರಲಿಲ್ಲ. ನಡೆಯದ ಎರಡು ಸಂಗತಿಗಳನ್ನು ಒಂದಕ್ಕೊಂದು ಪೋಣಿಸಿ, ಆ ಮೂಲಕ ನಡೆದುದರ ಕಾರಣವನ್ನು ಈ ವಾಕ್ಯ ತಿಳಿಸುತ್ತಿದೆ. ಸಾಮಾನ್ಯವಾಗಿ ಕ್ರಿಯಾಪದವು ಆದುದನ್ನು, ಆಗುತ್ತಿರುವುದನ್ನು, ಆಗಲಿರುವುದನ್ನು ಹೇಳುತ್ತದೆ. ಆಗಬಹುದಾಗಿದ್ದು ಆಗದೆಹೋದುದನ್ನು ಹೇಳುವ ಶಕ್ತಿಯೂ ಅದಕ್ಕುಂಟು. ಈ ಶಕ್ತಿಯು ಕನ್ನಡದಲ್ಲಿ ಹೇಗೆ ರೂಪುಗೊಂಡಿದೆ, ದೂರದ ಫ್ರೆಂಚ್ ಭಾಷೆಯಲ್ಲಿ ಹೇಗೆ ರೂಪುಗೊಂಡಿದೆ ಎಂಬುದನ್ನು ಜೊತೆಯಲ್ಲಿಟ್ಟು ನೋಡಿದರೆ ಎರಡೂ ಭಾಷೆಗಳ ಸೊಗಸು ತಿಳಿಯುತ್ತದೆ.

ಮೊದಲು ಕನ್ನಡವನ್ನೇ ನೋಡಬಹುದು. “ಮಳೆ ಬಂದರೆ ಬೆಳೆ ಬೆಳೆಯುತ್ತದೆ” ಎಂಬ ವಾಕ್ಯದಲ್ಲಿ ಬಾಗಿಲು ತೆರೆದಿದೆ. ಮಳೆ ಬರಬಹುದು, ಬಾರದಿರಬಹುದು. “ಮಳೆ ಬಂದಿದ್ದರೆ ಬೆಳೆ ಬೆಳೆಯುತ್ತಿತ್ತು” ಎಂಬ ವಾಕ್ಯದಲ್ಲಿ ಆ ಬಾಗಿಲು ಮುಚ್ಚಿಹೋಗಿದೆ. ಮಳೆ ಬರಲಿಲ್ಲ, ಬೆಳೆ ಬೆಳೆಯಲಿಲ್ಲ. ಇನ್ನು ಮಾಡುವುದೇನೂ ಇಲ್ಲ. ರೈತನ ಮನೆಯಲ್ಲಿ ಮೊದಲನೆಯ ಮಾತು ಜೇಷ್ಠ ಮಾಸದ್ದು, ಎರಡನೆಯದು ಸುಗ್ಗಿಯ ಕಾಲದ್ದು. ಒಂದರಲ್ಲಿ ನಿರೀಕ್ಷೆಯಿದೆ, ಇನ್ನೊಂದರಲ್ಲಿ ನಿಟ್ಟುಸಿರಿದೆ. ಇಷ್ಟು ದೊಡ್ಡ ಅಂತರವನ್ನು ಉಂಟುಮಾಡಿದ್ದು ಎಷ್ಟು ಚಿಕ್ಕ ಬದಲಾವಣೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

‘ಬರು’ ಎಂಬ ಧಾತುವಿನಿಂದ ‘ಬಂದು’ ಎಂಬ ಭೂತನ್ಯೂನ ರೂಪ ಹುಟ್ಟುತ್ತದೆ. ಅದಕ್ಕೆ ‘ಇರು’ ಎಂಬ ಸಹಾಯಕ ಧಾತು ಸೇರಿ ‘ಬಂದಿರು’ ಎಂದಾಗುತ್ತದೆ. ಇದರ ಭೂತಕಾಲದ ರೂಪಕ್ಕೆ ‘ಅರೆ’ ಸೇರಿದಾಗ ‘ಬಂದಿದ್ದರೆ’ ಸಿದ್ಧವಾಗುತ್ತದೆ. ಹಳಗನ್ನಡದ ‘ಒಡೆ’ ಎಂಬುದೇ ಹೊಸಗನ್ನಡದಲ್ಲಿ ‘ಅರೆ’ ಆಗಿ ನಿಂತಿದೆ. ಹೀಗೆ ಹುಟ್ಟಿದ ರೂಪಕ್ಕೆ ಲಿಂಗವಿಲ್ಲ, ವಚನವಿಲ್ಲ, ಪುರುಷಭೇದವೂ ಇಲ್ಲ. ನಾನು ಬಂದಿದ್ದರೆ, ನೀನು ಬಂದಿದ್ದರೆ, ಅವಳು ಬಂದಿದ್ದರೆ, ಅವರು ಬಂದಿದ್ದರೆ ಎಂದು ಎಲ್ಲರಿಗೂ ಒಂದೇ ರೂಪ ಸಲ್ಲುತ್ತದೆ. ಯಾರ ಮಾತೆಂಬುದನ್ನು ಹೇಳುವ ಹೊಣೆ ವಾಕ್ಯದ ಕೊನೆಯ ಕ್ರಿಯಾಪದದ್ದು: ನೋಡುತ್ತಿದ್ದೆನು, ನೋಡುತ್ತಿದ್ದೆ, ನೋಡುತ್ತಿದ್ದಳು, ನೋಡುತ್ತಿದ್ದರು.

ಕೊನೆಯ ಕ್ರಿಯಾಪದಕ್ಕೆ ಇನ್ನೂ ಒಂದು ಹೊಣೆಯುಂಟು. “ಅವನು ಬಂದಿದ್ದರೆ ಒಳಗೆ ಕರೆ” ಎಂಬಲ್ಲಿಯೂ ಇರುವುದು ಅದೇ ‘ಬಂದಿದ್ದರೆ’. ಆದರೆ ಇಲ್ಲಿ ಅವನು ಬಂದಿರಲೂಬಹುದು, ಬಾರದಿರಲೂಬಹುದು. “ಅವನು ಬಂದಿದ್ದರೆ ಒಳಗೆ ಕರೆಯುತ್ತಿದ್ದೆ” ಎಂದೊಡನೆ ಅವನು ಬರಲಿಲ್ಲವೆಂಬುದು ಖಚಿತವಾಗುತ್ತದೆ. ಆದುದರಿಂದ ಕನ್ನಡದಲ್ಲಿ ನಡೆಯದುದನ್ನು ನುಡಿಯುವುದು ಒಂಟಿ ಪದದ ಕೆಲಸವಲ್ಲ. ಎರಡು ಕ್ರಿಯಾಪದಗಳು ಕೈ ಹಿಡಿದು ಮಾಡುವ ಕೆಲಸ. ಸಂದೇಹಕ್ಕೆ ಎಡೆಯಿರಬಾರದೆಂದು ತೋರಿದಾಗ ಆಡುಮಾತಿನಲ್ಲಿ ಜನರು ‘ಬಂದಿದ್ದಿದ್ದರೆ’ ಎಂದು ‘ಇದ್ದ’ವನ್ನು ಇಮ್ಮಡಿಸುವುದೂ ಉಂಟು.

ಇನ್ನು ಫ್ರೆಂಚ್ ಭಾಷೆಯತ್ತ ತಿರುಗಬಹುದು. ಆ ಭಾಷೆಯ ವೈಯಾಕರಣರು ಕ್ರಿಯಾಪದಗಳನ್ನು ಕಾಲಗಳಾಗಿ ಮಾತ್ರವಲ್ಲದೆ ‘ಭಾವ’ಗಳಾಗಿಯೂ ವಿಂಗಡಿಸಿದ್ದಾರೆ. ಇರುವ ಸಂಗತಿಯನ್ನು ಇದ್ದಂತೆ ಹೇಳುವುದು ಒಂದು ಭಾವ. ಅಪ್ಪಣೆ ಮಾಡುವುದು ಇನ್ನೊಂದು. ಬಯಕೆ, ಭಯ, ಸಂಶಯ, ಅಗತ್ಯ ಮುಂತಾಗಿ ಮನಸ್ಸಿನ ಎಣಿಕೆಯೊಳಗೆ ಇರುವುದನ್ನು ಹೇಳುವುದು ಮತ್ತೊಂದು. ಅದಕ್ಕೆ ‘ಸುಬ್ಝೋಂಕ್ತಿಫ್’ ಎಂದು ಹೆಸರು. ಈ ಭಾವದಲ್ಲಿ ನಾಲ್ಕು ಕಾಲರೂಪಗಳುಂಟು. ಅವುಗಳಲ್ಲಿ ಅತ್ಯಂತ ಹಿಂದಿನದನ್ನು ಹೇಳುವ ರೂಪವೇ ‘ಪ್ಲ್ಯು ಕ ಪಾರ್ಫೆ’. ‘ಪೂರ್ಣವಾದುದಕ್ಕಿಂತಲೂ ಮಿಗಿಲಾದುದು’ ಎಂಬುದು ಆ ಹೆಸರಿನ ಅಕ್ಷರಾರ್ಥ. ಮುಗಿದುಹೋದ ಒಂದು ಕ್ರಿಯೆಗಿಂತಲೂ ಮೊದಲೇ ಮುಗಿದುಹೋದ ಕ್ರಿಯೆ ಎಂದು ಅದರ ಭಾವಾರ್ಥ.

ಈ ರೂಪವನ್ನು ಕಟ್ಟುವ ಬಗೆ ಕನ್ನಡದ ವಿದ್ಯಾರ್ಥಿಗೆ ಪೂರ್ತಿ ಅಪರಿಚಿತವೇನೂ ಅಲ್ಲ. ಇಲ್ಲಿಯೂ ಒಂದು ಸಹಾಯಕ ಧಾತು, ಒಂದು ಭೂತ ಕೃದಂತ. ಕನ್ನಡದಲ್ಲಿ ಸಹಾಯಕವು ಹಿಂದೆ ಬಂದು ಸೇರಿಕೊಂಡರೆ ಫ್ರೆಂಚಿನಲ್ಲಿ ಅದು ಮುಂದೆ ನಿಂತು ನಡೆಸುತ್ತದೆ. ಹೆಚ್ಚಿನ ಕ್ರಿಯಾಪದಗಳಿಗೆ ‘ಹೊಂದು’ ಎಂಬರ್ಥದ ‘ಅವ್ವಾರ್’ ಸಹಾಯಕವಾಗುತ್ತದೆ. ಹೋಗು, ಬರು, ಹುಟ್ಟು, ಸಾಯು ಮುಂತಾದ ಕೆಲವಕ್ಕೆ ‘ಇರು’ ಎಂಬರ್ಥದ ‘ಎತ್ರ್’ ಸಹಾಯಕವಾಗುತ್ತದೆ. ‘ಮುಗಿಸು’ ಎಂಬರ್ಥದ ‘ಫಿನೀರ್’ ಧಾತುವಿನ ಭೂತ ಕೃದಂತ ‘ಫಿನಿ’. ಅದರ ರೂಪಗಳು, ಕನ್ನಡ ಲಿಪಿಗೆ ನಿಲುಕುವಷ್ಟರಮಟ್ಟಿಗೆ, ಹೀಗಿವೆ:

ನಾನು — ಝ್ಯುಸ್ ಫಿನಿ
ನೀನು — ತ್ಯು ಯುಸ್ ಫಿನಿ
ಅವನು — ಇಲ್ ಯು ಫಿನಿ
ನಾವು — ನೂ ಜ್ಯುಸ್ಯೋಂ ಫಿನಿ
ನೀವು — ವೂ ಜ್ಯುಸ್ಯೆ ಫಿನಿ
ಅವರು — ಇಲ್ ಜ್ಯುಸ್ ಫಿನಿ

ಇಲ್ಲಿ ‘ಯು’ ಎಂದು ಬರೆದಿರುವ ಸ್ವರ ಕನ್ನಡದಲ್ಲಿಲ್ಲ. ‘ಉ’ ಎನ್ನುವಾಗಿನಂತೆ ತುಟಿಗಳನ್ನು ದುಂಡಗೆ ಮಾಡಿ, ನಾಲಗೆಯನ್ನು ‘ಇ’ ಎನ್ನುವಾಗಿನಂತೆ ಇರಿಸಿಕೊಂಡರೆ ಆ ಧ್ವನಿ ಹೊರಡುತ್ತದೆ. ಕೃದಂತವಾದ ‘ಫಿನಿ’ ಆರೂ ಕಡೆ ಅಲುಗದೆ ನಿಂತಿದೆ; ಬದಲಾಗುವುದು ಸಹಾಯಕ ಮಾತ್ರ. ನಾನು, ನೀನು, ಅವರು ಎಂಬ ಮೂವರಿಗೂ ಸಹಾಯಕದ ಉಚ್ಚಾರಣೆ ‘ಯುಸ್’ ಎಂದೇ ಇದ್ದರೂ ಬರಹದಲ್ಲಿ ಮೂರಕ್ಕೂ ಬೇರೆ ಬೇರೆ ಅಂತ್ಯಗಳಿವೆ. ಕಿವಿಗೆ ಒಂದೇ ಆದುದು ಕಣ್ಣಿಗೆ ಮೂರಾಗುತ್ತದೆ. ಆದಕಾರಣ ಫ್ರೆಂಚಿನಲ್ಲಿ ‘ನಾನು’, ‘ನೀನು’ ಎಂಬ ಸರ್ವನಾಮಗಳನ್ನು ಬಿಟ್ಟು ಮಾತನಾಡುವಂತಿಲ್ಲ. ಕನ್ನಡದಲ್ಲಾದರೋ ‘ಬರುತ್ತಿದ್ದೆನು’ ಎಂದರೆ ಸಾಕು, ‘ನಾನು’ ಅದರೊಳಗೇ ಅಡಗಿರುತ್ತದೆ.

‘ಬರು’ ಎಂಬರ್ಥದ ಧಾತುವಿಗೆ ‘ಎತ್ರ್’ ಸಹಾಯಕವಾಗುವುದರಿಂದ ‘ಯುಸ್’ ಬದಲು ‘ಫ್ಯುಸ್’ ಎಂಬ ರೂಪಗಳು ಬರುತ್ತವೆ. ಆಗ ಕೃದಂತವು ಹಿಂದಿನಂತೆ ಅಲುಗದೆ ನಿಲ್ಲುವುದಿಲ್ಲ. ಬಂದವಳು ಹೆಂಗಸಾದರೆ ಅದರ ಬರಹಕ್ಕೆ ಒಂದಕ್ಷರ, ಬಂದವರು ಹಲವರಾದರೆ ಇನ್ನೊಂದಕ್ಷರ ಸೇರಬೇಕು. ಕನ್ನಡದ ‘ಬಂದಿದ್ದರೆ’ ಯಾರನ್ನೂ ವಿಚಾರಿಸದೆ ಎಲ್ಲರನ್ನೂ ಒಳಗೆ ಬಿಡುವ ಬಾಗಿಲಾದರೆ, ಫ್ರೆಂಚಿನ ರೂಪವು ಬಂದವರ ಹೆಸರು, ಲಿಂಗ, ಸಂಖ್ಯೆಗಳನ್ನು ಬರೆದುಕೊಂಡೇ ಒಳಗೆ ಬಿಡುವ ಬಾಗಿಲು.

ಮೇಲಿನ ಪಟ್ಟಿಯ ಮೂರನೆಯ ರೂಪದಲ್ಲಿ ಒಂದು ಸ್ವಾರಸ್ಯವಿದೆ. ‘ಇಲ್ ಯು ಫಿನಿ’ ಎಂಬುದನ್ನು ಫ್ರೆಂಚಿನಲ್ಲಿ ಎರಡು ಬಗೆಯಾಗಿ ಬರೆಯಬಹುದು. ಮೊದಲನೆಯ ಬಗೆಯಲ್ಲಿ ಬರೆದರೆ ಅವನು ನಿಜವಾಗಿಯೂ ಮುಗಿಸಿದ್ದನೆಂದು ಅರ್ಥ. ಎರಡನೆಯ ಬಗೆಯಲ್ಲಿ ಸ್ವರಾಕ್ಷರದ ತಲೆಯ ಮೇಲೆ ಪುಟ್ಟ ಕೊಡೆಯಂತಹ ಗುರುತೊಂದನ್ನು ಹಾಕುತ್ತಾರೆ. ಆ ಗುರುತು ಬಿದ್ದೊಡನೆ ಕ್ರಿಯೆಯು ಎಣಿಕೆಯ ಲೋಕಕ್ಕೆ ಸೇರುತ್ತದೆ. ಉಚ್ಚಾರಣೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ನಡೆದುದನ್ನೂ ನಡೆಯದುದನ್ನೂ ಬೇರ್ಪಡಿಸುವುದು ಕಣ್ಣಿಗೆ ಮಾತ್ರ ಕಾಣುವ ಒಂದು ಚಿಕ್ಕ ಗೆರೆ! ಬರಹದಲ್ಲಿ ಎಚ್ಚರ ತಪ್ಪಿದರೆ ಆಗುವ ಅನರ್ಥಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ರೂಪಕ್ಕೆ ಎರಡು ಮುಖ್ಯ ಪ್ರಯೋಗಗಳಿವೆ. “ಅತಿಥಿಗಳು ಬರುವ ಮೊದಲೇ ಮಗನು ಕೆಲಸ ಮುಗಿಸಿರಬೇಕೆಂದು ತಂದೆಯು ಬಯಸಿದ್ದನು” ಎಂಬಂತಹ ವಾಕ್ಯದಲ್ಲಿ ಬಯಕೆಗೆ ಅಧೀನವಾದ ಕ್ರಿಯೆಯನ್ನು ಹೇಳುವುದು ಮೊದಲನೆಯದು. “ಮಗನು ಕೆಲಸ ಮುಗಿಸಿದ್ದರೆ ತಂದೆಯು ಹರ್ಷಿಸುತ್ತಿದ್ದನು” ಎಂಬಂತಹ ವಾಕ್ಯದಲ್ಲಿ ನಡೆಯದೆಹೋದ ಸಂಗತಿಯನ್ನೂ ಅದರ ಫಲವನ್ನೂ ಹೇಳುವುದು ಎರಡನೆಯದು. ಈ ಎರಡನೆಯ ಪ್ರಯೋಗವು ಗ್ರಂಥಸ್ಥ ಭಾಷೆಗೆ ಸೇರಿದ್ದು. ಹಿಂದಿನ ಶತಮಾನಗಳ ಫ್ರೆಂಚ್ ಗದ್ಯದಲ್ಲಿ ಅದು ಹೇರಳವಾಗಿ ದೊರೆಯುತ್ತದೆ. ಇಂದಿನ ಮಾತಿನಲ್ಲಿ ಫ್ರೆಂಚರು ಇದೇ ಅರ್ಥವನ್ನು ಬೇರೆ ಸರಳ ರೂಪಗಳಿಂದ ತಿಳಿಸುತ್ತಾರೆ. ಇದಕ್ಕೆ ನೆರೆಯದಾದ ಇನ್ನೊಂದು ಭೂತರೂಪದ ವಿಷಯದಲ್ಲಿ 1901ರಲ್ಲಿ ಫ್ರಾನ್ಸಿನ ಶಿಕ್ಷಣ ಮಂತ್ರಿಗಳು ಆಜ್ಞೆಯೊಂದನ್ನು ಹೊರಡಿಸಿ, ಕೆಲವು ವಾಕ್ಯಗಳಲ್ಲಿ ಅದರ ಬದಲು ವರ್ತಮಾನ ರೂಪವನ್ನು ಬಳಸಿದರೂ ತಪ್ಪೆಂದು ಎಣಿಸಬಾರದೆಂದು ತಿಳಿಸಿದರು. ಮಾತಿನಿಂದ ಮರೆಯಾಗುತ್ತಿದ್ದ ರೂಪಗಳನ್ನು ಪರೀಕ್ಷೆಯ ಭಯದಿಂದ ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಆದರೂ ಹಳೆಯ ಗ್ರಂಥಗಳನ್ನು ಓದಬಯಸುವವರು ಇಂದಿಗೂ ಅವುಗಳನ್ನು ಕಲಿಯಲೇಬೇಕು. ಹಳಗನ್ನಡ ಕಾವ್ಯವನ್ನು ಓದುವವರಿಗೆ ಹಳಗನ್ನಡದ ಪ್ರತ್ಯಯಗಳು ಬೇಕಾಗುವಂತೆಯೇ ಇದು.

ಇಷ್ಟು ಬೇರೆಯಾದ ಎರಡು ಭಾಷೆಗಳ ನಡುವೆ ಸೇತುವೆಯಾಗಿ ನಿಂತವರೂ ಇದ್ದಾರೆ. ಅವರಲ್ಲಿ ಒಬ್ಬನು ಆಬೆ ದ್ಯುಬ್ವಾ ಎಂಬ ಫ್ರೆಂಚ್ ಪಾದ್ರಿ. ಈತನು 1792ರಲ್ಲಿ ಭಾರತಕ್ಕೆ ಬಂದನು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಮೈಸೂರು ಸೀಮೆಯಲ್ಲಿ ನೆಲೆಸಿ, ಜನರ ನಡುವೆ ಬಾಳಿ, ಅವರ ಭಾಷೆಗಳನ್ನು ಕಲಿತನು. ಸಿಡುಬಿನ ವಿರುದ್ಧ ದಾಕು ಹಾಕಿಸುವ ಕಾರ್ಯದಲ್ಲಿಯೂ ಶ್ರಮಿಸಿದನು. 1823ರಲ್ಲಿ ಈತನು ಸ್ವದೇಶಕ್ಕೆ ಮರಳಿದನು. ಮೂರು ವರ್ಷಗಳ ಬಳಿಕ, 1826ರಲ್ಲಿ, ಪಂಚತಂತ್ರದ ಕಥೆಗಳ ಫ್ರೆಂಚ್ ಅನುವಾದವನ್ನು ಪ್ರಕಟಿಸಿದನು. ಅದಕ್ಕಾಗಿ ಈತನು ಬಳಸಿಕೊಂಡ ಪ್ರತಿಗಳು ಮೂರು: ಒಂದು ತಮಿಳಿನದು, ಒಂದು ತೆಲುಗಿನದು, ಮತ್ತೊಂದು ಕನ್ನಡದ್ದು. ಕನ್ನಡಕ್ಕೆ ಪಂಚತಂತ್ರವು ಹೊಸದಾಗಿರಲಿಲ್ಲ; ಹನ್ನೊಂದನೆಯ ಶತಮಾನದಲ್ಲಿಯೇ ದುರ್ಗಸಿಂಹನು ಅದನ್ನು ಕನ್ನಡದಲ್ಲಿ ರಚಿಸಿದ್ದನು.

ಪಂಚತಂತ್ರದಲ್ಲಿ ನಡೆಯದುದನ್ನು ನುಡಿಯುವ ಮಾತಿಗೆ ದೊಡ್ಡ ಸ್ಥಾನವಿದೆ. ಕಪಿ ಮತ್ತು ಮೊಸಳೆಯ ಕಥೆ ಎಲ್ಲರಿಗೂ ತಿಳಿದದ್ದೇ. ಹೊಳೆಯ ದಡದ ಮರದಲ್ಲಿದ್ದ ಕಪಿಯು ದಿನವೂ ಹಣ್ಣುಗಳನ್ನು ಕೊಟ್ಟು ಮೊಸಳೆಯ ಸ್ನೇಹ ಸಂಪಾದಿಸಿತು. ಮೊಸಳೆಯ ಹೆಂಡತಿಗೆ ಆ ಕಪಿಯ ಹೃದಯವನ್ನೇ ತಿನ್ನುವ ಆಸೆ ಹುಟ್ಟಿತು. ಮೊಸಳೆಯು ಔತಣದ ನೆಪ ಹೇಳಿ ಕಪಿಯನ್ನು ಬೆನ್ನ ಮೇಲೆ ಕುಳ್ಳಿರಿಸಿಕೊಂಡು ನಡುನೀರಿಗೆ ಬಂದಮೇಲೆ ನಿಜವನ್ನು ಹೇಳಿತು. ಸುತ್ತಲೂ ನೀರು, ಓಡಲು ನೆಲವಿಲ್ಲ, ಹಾರಲು ಕೊಂಬೆಯಿಲ್ಲ. ಆಗ ಕಪಿಗೆ ಉಳಿದ ಆಯುಧ ಒಂದೇ ಒಂದು ವಾಕ್ಯ: “ಅಯ್ಯೋ ಗೆಳೆಯಾ, ಇದನ್ನು ದಡದಲ್ಲಿಯೇ ಹೇಳಿದ್ದರೆ ಮರದ ಪೊಟರೆಯಲ್ಲಿಟ್ಟಿರುವ ಹೃದಯವನ್ನು ಆಗಲೇ ತಂದಿರುತ್ತಿದ್ದೆನಲ್ಲ!” ಮೊಸಳೆಯು ಹಿಂದಿರುಗಿತು, ಕಪಿಯು ಮರಕ್ಕೆ ನೆಗೆಯಿತು.

ಕಪಿಯ ಮಾತನ್ನು ಬಿಡಿಸಿ ನೋಡಬೇಕು. ‘ಹೇಳಿದ್ದರೆ’ ಎಂಬುದರಿಂದ ಮೊಸಳೆಯು ಹೇಳಿರಲಿಲ್ಲವೆಂದಾಯಿತು, ಅದು ನಿಜ. ‘ತಂದಿರುತ್ತಿದ್ದೆನು’ ಎಂಬುದರಿಂದ ಕಪಿಯು ತಂದಿಲ್ಲವೆಂದಾಯಿತು. ಅದು ಸುಳ್ಳು, ಏಕೆಂದರೆ ಹೃದಯವು ಕಪಿಯ ಎದೆಯಲ್ಲಿಯೇ ಇತ್ತು. ಒಂದು ನಿಜದ ಬಾಲಕ್ಕೆ ಒಂದು ಸುಳ್ಳನ್ನು ಕಟ್ಟಿದ ಜಾಣತನವಿದು. ಮೊಸಳೆಗೆ ವ್ಯಾಕರಣ ತಿಳಿಯದೆ ಹೋಗಲಿಲ್ಲ. ವಾಕ್ಯವು ಅದಕ್ಕೆ ಚೆನ್ನಾಗಿಯೇ ಅರ್ಥವಾಯಿತು. ಆದರೆ ‘ಹೃದಯವನ್ನು ಮರದಲ್ಲಿಟ್ಟು ಬರಲು ಯಾವ ಪ್ರಾಣಿಗಾದರೂ ಸಾಧ್ಯವೇ?’ ಎಂಬ ಪ್ರಶ್ನೆಯನ್ನು ಅದು ಕೇಳಿಕೊಳ್ಳಲಿಲ್ಲ. ನಡೆದ ಸಂಗತಿಗೆ ಸಾಕ್ಷಿಗಳಿರುತ್ತಾರೆ. ನಡೆಯದ ಸಂಗತಿಗೆ ಸಾಕ್ಷಿಯೆಲ್ಲಿಂದ ಬರಬೇಕು? ಅದನ್ನು ವಿಚಾರದಿಂದಲೇ ತೂಗಿ ನೋಡಬೇಕು. ಈ ಕ್ರಿಯಾರೂಪದ ಬಲವೂ ಅಪಾಯವೂ ಇರುವುದು ಇಲ್ಲಿಯೇ. ಕಪಿಗೆ ಅದು ಪ್ರಾಣವನ್ನುಳಿಸಿಕೊಟ್ಟಿತು, ಮೊಸಳೆಯನ್ನು ಮೋಸಗೊಳಿಸಿತು.

ದಿನನಿತ್ಯದ ಬಾಳಿನಲ್ಲಿಯೂ ಹೀಗೆಯೇ. ‘ಇನ್ನೆರಡು ದಿನ ಸಿಕ್ಕಿದ್ದರೆ ಮೊದಲನೆಯ ದರ್ಜೆ ಬರುತ್ತಿತ್ತು’ ಎನ್ನುವ ವಿದ್ಯಾರ್ಥಿಯ ಮಾತು ಸತ್ಯವೂ ಆಗಬಹುದು, ಕಪಿಯ ಹೃದಯವೂ ಆಗಬಹುದು. ಕಳೆದ ದಿನಗಳನ್ನು ಅವನು ಹೇಗೆ ಬಳಸಿದನೆಂಬುದನ್ನು ನೋಡಿದರೆ ಮಾತ್ರ ಉತ್ತರ ದೊರೆಯುತ್ತದೆ. ಇತಿಹಾಸವನ್ನು ಓದುವವರಿಗೂ ಈ ಎಚ್ಚರ ಬೇಕು. ‘ವಿಶ್ವೇಶ್ವರಯ್ಯನವರು ಇಲ್ಲದಿದ್ದಿದ್ದರೆ ಭದ್ರಾವತಿಯಲ್ಲಿ ಕಾರ್ಖಾನೆಯೇ ಆಗುತ್ತಿರಲಿಲ್ಲ’ ಎಂದು ಹೇಳುವುದು ಸುಲಭ. ಅವರ ದೂರದೃಷ್ಟಿ ನಿಸ್ಸಂದೇಹವಾಗಿ ಒಂದು ಕಾರಣ. ಆದರೆ ಕೆಮ್ಮಣ್ಣುಗುಂಡಿಯ ಅದಿರು, ಇದ್ದಿಲು ಸುಡಲು ಮಲೆನಾಡಿನ ಮರ, ಭದ್ರೆಯ ನೀರು ಇವು ಮೂರೂ ಸಮೀಪದಲ್ಲಿ ಇರದಿದ್ದಿದ್ದರೆ? ದುಡಿಯುವ ಕೈಗಳು ಒದಗದಿದ್ದಿದ್ದರೆ? ಒಂದೊಂದು ಕಾರಣವನ್ನೂ ಮನಸ್ಸಿನಲ್ಲಿಯೇ ತೆಗೆದಿಟ್ಟು, ಆಗ ಏನಾಗುತ್ತಿತ್ತೆಂದು ಊಹಿಸಿ ನೋಡಿದಾಗ ಆ ಕಾರಣದ ತೂಕ ಗೊತ್ತಾಗುತ್ತದೆ. ಅದೇ ಊರಿನಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆಯು 2010ರ ದಶಕದಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಅದು ನಿಲ್ಲದಂತೆ ಏನು ಮಾಡಬಹುದಾಗಿತ್ತು ಎಂಬ ಪ್ರಶ್ನೆಯನ್ನು ಕೇಳಲು ಬೇಕಾಗುವುದೂ ಇದೇ ಕ್ರಿಯಾರೂಪ. ಬರಿಯ ನಿಟ್ಟುಸಿರಿಗಾಗಿ ಕೇಳಿದರೆ ಅದರಿಂದ ಫಲವಿಲ್ಲ. ಮುಂದಿನ ಹೆಜ್ಜೆಗಾಗಿ ಕೇಳಿದರೆ ಅದೇ ವಿವೇಕಕ್ಕೆ ದಾರಿ.

ಪರಭಾಷೆಯ ಕ್ರಿಯಾಪದಗಳನ್ನು ಕಂಠಪಾಠ ಮಾಡುವುದು ನೀರಸವೆಂದು ಅನೇಕರು ಭಾವಿಸುತ್ತಾರೆ. ಆರು ಪುರುಷಗಳಿಗೆ ಆರು ರೂಪಗಳನ್ನು ಕಲಿತು, ತಲೆಯ ಮೇಲಿನ ಗುರುತನ್ನು ಮರೆಯದೆ ಬರೆಯುವುದರಲ್ಲಿ ಶ್ರಮವಿದೆ ಎಂಬುದು ನಿಜ. ಆದರೆ ಆ ಶ್ರಮಕ್ಕೆ ಪ್ರತಿಫಲವೂ ಉಂಟು. ಫ್ರೆಂಚ್ ರೂಪಗಳನ್ನು ಕಲಿತ ಕನ್ನಡದ ವಿದ್ಯಾರ್ಥಿಯು ತನ್ನ ತಾಯಿಯ ಬಾಯಲ್ಲಿ ಬಾಲ್ಯದಿಂದಲೂ ಕೇಳಿದ ‘ಬಂದಿದ್ದರೆ’ ಎಂಬ ಪದವನ್ನು ಮೊದಲ ಬಾರಿಗೆ ನಿಂತು ನೋಡುತ್ತಾನೆ. ಫ್ರೆಂಚರು ಗ್ರಂಥಗಳಲ್ಲಿ ಕಾಪಾಡಿಕೊಂಡಿರುವ ಸೂಕ್ಷ್ಮವು ಕನ್ನಡದಲ್ಲಿ ಹೊಲದಲ್ಲಿಯೂ ಸಂತೆಯಲ್ಲಿಯೂ ಅಡುಗೆಮನೆಯಲ್ಲಿಯೂ ಜೀವಂತವಾಗಿದೆಯೆಂಬುದು ಅವನಿಗೆ ತಿಳಿಯುತ್ತದೆ. ಅಕ್ಷರ ಬಾರದ ಅಜ್ಜಿಯೂ ಈ ರೂಪವನ್ನು ಒಮ್ಮೆಯೂ ತಪ್ಪದೆ ಬಳಸುತ್ತಾಳೆ. ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಕ್ರಿಯಾಪದಗಳ ವಿವೇಚನೆಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಜನರು ಆಡುವ ಮಾತಿನಲ್ಲಿ ಆಳವಾದ ನಿಯಮಗಳಿವೆಯೆಂಬ ಗೌರವವೇ ಅಂತಹ ಗ್ರಂಥಗಳ ತಳಹದಿ. ಅನ್ಯಭಾಷೆಯನ್ನು ಶ್ರದ್ಧೆಯಿಂದ ಕಲಿತವರಿಗೆ ಆ ಗೌರವವು ತಮ್ಮ ಭಾಷೆಯ ವಿಷಯದಲ್ಲಿಯೂ ಹೆಚ್ಚುತ್ತದೆ.

ಅಭ್ಯಾಸ

1. ‘ಮಳೆ ಬಂದರೆ’, ‘ಮಳೆ ಬಂದಿದ್ದರೆ’ ಎಂಬ ಎರಡು ರೂಪಗಳ ಅರ್ಥವ್ಯತ್ಯಾಸವನ್ನು ವಿವರಿಸಿರಿ.
2. ‘ಬಂದಿದ್ದರೆ’ ಎಂಬ ರೂಪವು ಹೇಗೆ ಸಿದ್ಧವಾಗುತ್ತದೆ? ‘ಓದು’, ‘ಕೊಡು’ ಧಾತುಗಳಿಂದ ಇದೇ ಬಗೆಯ ರೂಪಗಳನ್ನು ರಚಿಸಿರಿ.
3. ಸಹಾಯಕ ಧಾತುವಿನ ಸ್ಥಾನದಲ್ಲಿ ಕನ್ನಡಕ್ಕೂ ಫ್ರೆಂಚಿಗೂ ಇರುವ ಭೇದವೇನು?
4. ಕಪಿಯ ಮಾತಿನಲ್ಲಿ ನಿಜವಾವುದು, ಸುಳ್ಳಾವುದು? ಮೊಸಳೆಯು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಯಾವುದು?
5. ನಿಮ್ಮ ಊರಿನ ಇತಿಹಾಸದ ಒಂದು ಘಟನೆಯನ್ನು ಆರಿಸಿಕೊಂಡು, ಅದು ನಡೆಯದಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಕಾರಣಸಹಿತ ಹತ್ತು ವಾಕ್ಯಗಳಲ್ಲಿ ಬರೆಯಿರಿ.